ಬಾಗಿಲಿಲ್ಲದ ಅಂಗಡಿ

ಕನ್ನಡದಲ್ಲಿ ‘ತೂಗು’ ಎಂಬ ಒಂದೇ ಕ್ರಿಯಾಪದವು ತಕ್ಕಡಿಗೂ ಸಲ್ಲುತ್ತದೆ, ತೊಟ್ಟಿಲಿಗೂ ಸಲ್ಲುತ್ತದೆ. ವರ್ತಕನು ಬೆಲ್ಲವನ್ನು ತೂಗುವನು; ತಾಯಿಯು ಕೂಸನ್ನು ತೂಗುವಳು. ಇವೆರಡರ ನೆರಳನ್ನೂ ಹೊತ್ತ ಮೂರನೆಯದೊಂದು ಪ್ರಯೋಗ ನಮ್ಮ ಮನೆಮಾತಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಅದು ಸಂಸಾರವನ್ನು ತೂಗಿಸುವುದು. ‘ಆಕೆ ಹೇಗೋ ಎಲ್ಲವನ್ನೂ ತೂಗಿಸಿಕೊಂಡು ಹೋಗುತ್ತಾಳೆ’ ಎಂದು ಮೆಚ್ಚುಗೆಯಿಂದ ನುಡಿಯುವ ನಾವು ಆ ‘ಹೇಗೋ’ ಎಂಬ ಪದದ ಒಳಗೆ ಏನೇನು ಅಡಗಿದೆಯೆಂದು ವಿಚಾರಿಸುವ ಗೋಜಿಗೆ ಸಾಮಾನ್ಯವಾಗಿ ಹೋಗುವುದಿಲ್ಲ. ತಕ್ಕಡಿಯ ಧರ್ಮವನ್ನು ಬಲ್ಲವರು ಒಂದು ಮಾತನ್ನು ಒಪ್ಪಲೇಬೇಕು: ತಟ್ಟೆಯಲ್ಲಿ ಕುಳಿತ ಪದಾರ್ಥವೇ ತಕ್ಕಡಿಯನ್ನು ಎತ್ತಿ ಹಿಡಿಯಲಾರದು. ಅಂಗಡಿಯೂ ತಾನೆ, ಮನೆಯೂ ತಾನೆ, ಎರಡನ್ನೂ ತೂಗುವ ಕೈಯೂ ತಾನೆ ಆಗಬೇಕಾಗಿ ಬಂದವರಿಗೆ ಸಮತೋಲವನ್ನು ಉಪದೇಶಿಸುವ ಗ್ರಂಥಗಳೂ ಭಾಷಣಗಳೂ ಇಂದು ಹೇರಳವಾಗಿವೆ. ಆ ಉಪದೇಶದ ಬುಡದಲ್ಲಿಯೇ ಒಂದು ತಪ್ಪು ಲೆಕ್ಕವಿದೆಯೆಂದು ನನ್ನ ಎಣಿಕೆ.

ಧಾರವಾಡದ ಹಳೆಯ ಓಣಿಯೊಂದರಲ್ಲಿ ನನಗೆ ಪರಿಚಿತಳಾದ ಗೃಹಿಣಿಯೊಬ್ಬಳಿದ್ದಾಳೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ, ಬೇಸಗೆಯಲ್ಲಿ ಶಾವಿಗೆ, ಸಂಡಿಗೆ, ಹಪ್ಪಳ, ಇವು ಆಕೆಯ ಸರಕು. ಕೈಯಲ್ಲಿ ಹಿಡಿಯುವ ಮೊಬೈಲೇ ಆಕೆಯ ಅಂಗಡಿ. ನಸುಕಿನ ನಾಲ್ಕೂವರೆಗೆ ಎದ್ದು ಶೇಂಗಾ ಹುರಿಯುವುದರಿಂದ ಅವಳ ದಿನ ತೊಡಗುತ್ತದೆ. ಏಳೂವರೆಗೆ ಮಗನ ಡಬ್ಬಿ ಕಟ್ಟಿ ಅವನನ್ನು ಶಾಲೆಗೆ ಅಟ್ಟಿದ ಮೇಲೆ, ನೆರೆಯ ಇಬ್ಬರು ಹೆಂಗಸರು ರೊಟ್ಟಿ ಬಡಿಯಲು ಬರುತ್ತಾರೆ. ಅವರೊಡನೆ ತಾನೂ ಕುಳಿತು ನಡುಹಗಲಿನವರೆಗೆ ಬಡಿಯುವುದು, ಅನಂತರ ಅತ್ತೆಗೆ ಊಟ ಬಡಿಸಿ ಮಾತ್ರೆ ಕೊಡುವುದು, ಪೊಟ್ಟಣ ಕಟ್ಟುವುದು, ಚೀಟಿ ಬರೆಯುವುದು, ನಾಲ್ಕು ಗಂಟೆಯೊಳಗೆ ಕೊರಿಯರಿನವರ ಕಟ್ಟೆಗೆ ಡಬ್ಬಿಗಳನ್ನು ಮುಟ್ಟಿಸುವುದು. ಇಷ್ಟಾದರೆ ದಿನದ ಕೆಲಸ ಮುಗಿಯಿತೆಂದು ನಾವು ನೀವು ತಿಳಿಯುತ್ತೇವೆ. ಆಕೆಯ ಅಂಗಡಿಯಲ್ಲಿ ಜನಜಂಗುಳಿ ತುಂಬುವ ಹೊತ್ತು ಬರುವುದೇ ಆಮೇಲೆ. ಬೆಂಗಳೂರಿನ ನೌಕರಸ್ಥರು ತಮ್ಮ ಕಚೇರಿಯಿಂದ ಮರಳಿ, ಉಂಡು, ಕಾಲು ಚಾಚಿದ ಮೇಲೆ ಅಲ್ಲವೆ ರೊಟ್ಟಿಯ ನೆನಪಾಗುವುದು? ಅಮೆರಿಕೆಯಲ್ಲಿ ನೆಲಸಿದ ಮಗ ತನ್ನ ಮುಂಜಾನೆಯ ಬಿಡುವಿನಲ್ಲಿ, ಎಂದರೆ ನಮ್ಮ ರಾತ್ರಿಯಲ್ಲಿ, ಇಲ್ಲಿರುವ ತಾಯಿಗೆ ಎರಡು ಡಜನ್ ರೊಟ್ಟಿ ಕಳಿಸಿರೆಂದು ಬರೆಯುತ್ತಾನೆ. ‘ರೇಟ್ ಎಷ್ಟ್ರಿ?’ ಎಂದು ಕೇಳಿ ಉತ್ತರ ಪಡೆದು ಮತ್ತೆ ಸುಳಿಯದವರು ಎಷ್ಟೋ ಮಂದಿ. ಒಂದು ಸಂಜೆ ಮಗನಿಗೆ ಮಗ್ಗಿ ಹೇಳಿಕೊಡುತ್ತಿದ್ದವಳು ನಡುವೆ ಮೂರು ಸಲ ಮೊಬೈಲಿನ ಕಡೆಗೆ ಹೊರಳಿದಾಗ, ಆ ಹುಡುಗ ಪಾಟಿಯನ್ನು ಕೆಳಗಿಟ್ಟು, “ಅವ್ವಾ, ನೀ ನನ್ನ ಜೋಡಿ ಮಾತಾಡಾಕತ್ತೀಯೋ, ಗಿರಾಕಿ ಜೋಡಿ ಮಾತಾಡಾಕತ್ತೀಯೋ?” ಎಂದು ಕೇಳಿದನಂತೆ. ಈ ಪ್ರಶ್ನೆಯನ್ನು ನನಗೆ ವರದಿ ಮಾಡುವಾಗ ಆಕೆ ನಕ್ಕಳು. ಉತ್ತರವೇನು ಕೊಟ್ಟೆಯೆಂದು ನಾನು ಕೇಳಲಿಲ್ಲ.

ಮನೆಯಲ್ಲಿಯೇ ಉದ್ಯೋಗ, ಉದ್ಯೋಗದಲ್ಲಿಯೇ ಮನೆ, ಇದೊಂದು ಅಪೂರ್ವವಾದ ಹೊಸ ಪರಿಸ್ಥಿತಿಯೆಂದು ವರ್ಣಿಸುವವರು ನಮ್ಮ ಊರುಗಳ ಚರಿತ್ರೆಯನ್ನು ಮರೆತಿದ್ದಾರೆ. ಮುಂದೆ ಅಂಗಡಿ, ಹಿಂದೆ ಅಡಿಗೆಮನೆ, ನಡುವೆ ಒಂದು ಪರದೆ ಅಥವಾ ಕದ, ಹೀಗೆ ಕಟ್ಟಿದ ಮನೆಗಳ ಸಾಲೇ ನಮ್ಮ ಪೇಟೆಬೀದಿಗಳಾಗಿದ್ದವು. ಇಳಕಲ್ಲಿನಲ್ಲಿಯೂ ಗುಳೇದಗುಡ್ಡದಲ್ಲಿಯೂ ನೇಕಾರನ ಕುಣಿಮಗ್ಗ ಇದ್ದದ್ದು ಅವನ ಮನೆಯ ಒಳಗೇ. ಇಳಕಲ್ ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಜೋಡಿಸುವ ಕುಶಲ ಕೆಲಸವೂ, ಖಣದ ನೂಲಿಗೆ ಮಾಡಬೇಕಾದ ಪೂರ್ವಸಿದ್ಧತೆಯೂ ಒಲೆಯ ಮೇಲಿನ ಅನ್ನದ ಎಸರನ್ನು ನೋಡಿಕೊಳ್ಳುತ್ತಲೇ ನಡೆದವು. ಮನೆಯೂ ದುಡಿಮೆಯೂ ಬೇರೆಬೇರೆ ಸೂರಿನ ಕೆಳಗೆ ಹೋದದ್ದೇ ಚರಿತ್ರೆಯ ದೃಷ್ಟಿಯಿಂದ ಇತ್ತೀಚಿನ ಸಂಗತಿ. ಹಾಗಿರುವಲ್ಲಿ ಧಾರವಾಡದ ಈ ಗೃಹಿಣಿಯ ಕಷ್ಟ ಹಳೆಯದೇ ಎಂದು ಹೇಳಿ ಕೈ ತೊಳೆದುಕೊಳ್ಳಬಹುದಷ್ಟೆ?

ಹಾಗೆ ಹೇಳಲಾಗುವುದಿಲ್ಲ, ಏಕೆಂದರೆ ಹಳೆಯ ಅಂಗಡಿಗೆ ಇದ್ದದ್ದೊಂದು ಈ ಅಂಗಡಿಗೆ ಇಲ್ಲ. ಅದು ಬಾಗಿಲು. ನನ್ನ ಬಾಲ್ಯದಲ್ಲಿ ನಾನು ಕಂಡ ಕಿರಾಣಿ ಅಂಗಡಿಗಳಿಗೆ ಹಲಗೆಯ ಬಾಗಿಲುಗಳಿದ್ದವು. ಒಂದೊಂದು ಹಲಗೆಗೂ ಒಂದೊಂದು ಅಂಕೆ ಬರೆದಿರುತ್ತಿತ್ತು. ರಾತ್ರಿ ಸೆಟ್ಟರು ಆ ಹಲಗೆಗಳನ್ನು ಕ್ರಮ ತಪ್ಪದಂತೆ ತೋಡಿನಲ್ಲಿ ಒಂದಾದ ಮೇಲೊಂದು ಸರಿಸಿ, ಕಡೆಯ ಹಲಗೆಗೆ ಅಡ್ಡಪಟ್ಟಿ ಹಾಕಿ ಬೀಗ ಜಡಿಯುವುದನ್ನು ನೋಡುವುದೇ ಮಕ್ಕಳಾದ ನಮಗೆ ಒಂದು ವಿನೋದ. ಐದಾರು ಹಲಗೆ ಬಿದ್ದ ಮೇಲೆ ಓಡಿಬಂದ ಗಿರಾಕಿ ಉಳಿದ ಸಂದಿನಲ್ಲಿ ಕೈ ಚಾಚಿ ಬೆಂಕಿಪೆಟ್ಟಿಗೆ ಕೇಳಿಯಾನು, ಸೆಟ್ಟರು ಗೊಣಗುತ್ತ ಕೊಟ್ಟಾರು. ಕಡೆಯ ಹಲಗೆ ಬಿದ್ದ ಮೇಲೆ ಮಾತ್ರ ಬಾಗಿಲು ಬಡಿಯಲು ಯಾರೂ ಧೈರ್ಯ ಮಾಡುತ್ತಿರಲಿಲ್ಲ. ಮುಚ್ಚಿದ ಹಲಗೆಯ ಹಿಂದೆ ಸೆಟ್ಟರು ಇನ್ನೂ ಎಚ್ಚರವಾಗಿದ್ದಾರೆಂದು ಊರಿಗೆ ಗೊತ್ತು. ಆದರೂ ಅಂಗಡಿ ಮುಚ್ಚಿದೆಯೆಂಬುದನ್ನು ಊರು ಒಪ್ಪುತ್ತಿತ್ತು. ಬಾಗಿಲೆಂಬುದು ಕೇವಲ ಮರವಲ್ಲ, ಊರೂ ವರ್ತಕನೂ ಮಾಡಿಕೊಂಡ ಒಪ್ಪಂದ. ಅನೇಕ ನೇಕಾರ ಮನೆಗಳಲ್ಲಿ ಅಮಾವಾಸ್ಯೆಯ ದಿನ ಮಗ್ಗ ಮುಟ್ಟದಿರುವ ರೂಢಿಯೂ ಅಂಥದೇ ಬಾಗಿಲು. ಸಂತೆಗೆ ಗೊತ್ತಾದ ದಿನವಿದ್ದದ್ದೂ ಹಾಗೆಯೇ. ಸ್ವತಂತ್ರ ಭಾರತದ ಶಾಸನಕರ್ತರು 1948ರ ಕಾರ್ಖಾನೆಗಳ ಅಧಿನಿಯಮದಲ್ಲಿ ವಾರಕ್ಕೆ 48 ಗಂಟೆಗಳ ಮೇರೆಯನ್ನು ಹಾಕಿದಾಗಲೂ, ನಮ್ಮ ನಾಡಿನಲ್ಲಿ 1961ರಲ್ಲಿ ಅಂಗಡಿಗಳ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ ದುಡಿಮೆಯ ಗಂಟೆಗಳನ್ನೂ ವಾರದ ರಜೆಯನ್ನೂ ಗೊತ್ತುಪಡಿಸಿದಾಗಲೂ, ಮಾಡಿದ್ದು ಈ ಒಪ್ಪಂದವನ್ನು ಕಾನೂನಿನ ಭಾಷೆಯಲ್ಲಿ ಬರೆದಿಡುವ ಕೆಲಸವನ್ನೇ. ಮೊಬೈಲಿನ ಅಂಗಡಿಗೆ ಹಲಗೆಯೂ ಇಲ್ಲ, ಅಮಾವಾಸ್ಯೆಯೂ ಇಲ್ಲ. ತನ್ನ ಅಡಿಗೆಮನೆಯಲ್ಲಿ ತಾನೇ ಯಜಮಾನಿಯೂ ತಾನೇ ಆಳೂ ಆದವಳ ಬಳಿಗೆ ಬಂದು ಗಂಟೆ ಎಣಿಸುವ ಅಧಿಕಾರಿಯೂ ಇಲ್ಲ.

ಇದೇ ಅಡಿಗೆಮನೆಯ ಉದ್ಯೋಗವನ್ನು ಬೇರೆ ರೀತಿಯಲ್ಲಿ ಕಟ್ಟಿದ ಒಂದು ಪ್ರಸಿದ್ಧ ಉದಾಹರಣೆ ನಮ್ಮ ಕಣ್ಣೆದುರಿಗಿದೆ. 1959ರಲ್ಲಿ ಮುಂಬಯಿಯ ಗಿರಗಾಂವಿನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ಪಡೆದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿ ಒಣಗಿಸತೊಡಗಿದರು. ಅದು ಲಿಜ್ಜತ್ ಎಂಬ ಹೆಸರಿನಿಂದ ದೇಶವ್ಯಾಪಿಯಾಯಿತು. ಅದರ ಯಶಸ್ಸನ್ನು ಹೊಗಳುವವರು ಸಾಮಾನ್ಯವಾಗಿ ಬಂಡವಾಳದ ಅಲ್ಪತ್ವವನ್ನೂ ಮಾರಾಟದ ವಿಸ್ತಾರವನ್ನೂ ಹೇಳಿ ನಿಲ್ಲುತ್ತಾರೆ. ನನಗೆ ಅದಕ್ಕಿಂತ ಗಮನಾರ್ಹವೆಂದು ತೋರುವುದು ಅಲ್ಲಿಯ ಕಾರ್ಯವಿಭಾಗ. ಕಲಸಿದ ಹಿಟ್ಟನ್ನು ಶಾಖೆಯಿಂದ ಮನೆಗೆ ಒಯ್ಯುವುದು, ಮನೆಯಲ್ಲಿ ಲಟ್ಟಿಸಿ ಒಣಗಿಸುವುದು, ಮರುದಿನ ಹಪ್ಪಳವನ್ನು ಶಾಖೆಗೆ ಒಪ್ಪಿಸಿ ಮಜೂರಿ ಪಡೆಯುವುದು. ಇಲ್ಲಿ ಕೆಲಸ ಮನೆಯೊಳಕ್ಕೆ ಬಂದಿತು, ಗಿರಾಕಿ ಬರಲಿಲ್ಲ. ಹಪ್ಪಳ ಮುರಿದಿತ್ತೆಂಬ ದೂರು, ಹಣ ಬರಲಿಲ್ಲವೆಂಬ ತಕರಾರು, ಖಾರ ಹೆಚ್ಚೆಂಬ ಆಕ್ಷೇಪ, ಇವೆಲ್ಲ ಬೇರೆ ಯಾವುದೋ ಮೇಜಿನ ಮುಂದೆ ಇತ್ಯರ್ಥವಾಗುತ್ತಿದ್ದವು; ಲಟ್ಟಣಿಗೆ ಹಿಡಿದವಳ ಊಟದ ಎಲೆಯ ಮುಂದೆ ಅಲ್ಲ. ಧಾರವಾಡದ ನಮ್ಮ ಗೃಹಿಣಿಯ ಪಾಲಿಗೆ ಕೆಲಸ, ಗಿರಾಕಿ, ಲೆಕ್ಕ, ದೂರು, ನಾಲ್ಕೂ ಒಂದೇ ಕಿಟಕಿಯಿಂದ ಒಳಗೆ ಬರುತ್ತವೆ. ಅದೇ ಕಿಟಕಿಯಿಂದ ತವರುಮನೆಯ ಸುದ್ದಿಯೂ ಶಾಲೆಯ ಮಾಸ್ತರರ ಸೂಚನೆಯೂ ಬರುವುದರಿಂದ ಅದನ್ನು ಮುಚ್ಚಿಡುವಂತೆಯೂ ಇಲ್ಲ.

ಆಕೆಯ ದುಡಿಮೆಯ ಭಾರವನ್ನು ಅಳೆಯುವ ಬಗೆ ಯಾವುದು? ಒಂದು ದಿನ ಆಕೆಯೊಡನೆ ಕೊರಿಯರಿನವರ ಕಟ್ಟೆಗೆ ಹೋಗಿದ್ದೆನು. ಸಂಡಿಗೆ ಹಪ್ಪಳ ತುಂಬಿದ ರಟ್ಟಿನ ಡಬ್ಬಿ ಎರಡು ಕಿಲೋ ತೂಗಿತು. ಕಟ್ಟೆಯ ಹುಡುಗ ಅಷ್ಟಕ್ಕೆ ಸುಮ್ಮನಾಗದೆ ಟೇಪು ತೆಗೆದು ಉದ್ದ 40, ಅಗಲ 30, ಎತ್ತರ 20 ಸೆಂಟಿಮೀಟರೆಂದು ಅಳೆದು, ಮೂರನ್ನೂ ಗುಣಿಸಿ 5,000ದಿಂದ ಭಾಗಿಸಿ, 4.8 ಕಿಲೋ ಎಂದು ಬರೆದುಕೊಂಡು, ಐದು ಕಿಲೋಗೆ ಹಣ ಕೇಳಿದನು. ಡಬ್ಬಿ ಹಗುರವಾದರೂ ಲಾರಿಯಲ್ಲಿ ಅಷ್ಟು ಸ್ಥಳವನ್ನು ಹಿಡಿಯುತ್ತದೆ, ಆ ಸ್ಥಳದಲ್ಲಿ ಬೇರೊಂದನ್ನು ಇಡಲಾಗುವುದಿಲ್ಲ. ಆದುದರಿಂದ ತೂಕ, ಗಾತ್ರ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಶುಲ್ಕ. ಗಾಳಿಗೂ ದುಡ್ಡು ತೆರಬೇಕೆ ಎಂದು ನನಗೆ ಮೊದಲು ಕೋಪ ಬಂದಿತು. ಮರಳಿ ಬರುವಾಗ ಯೋಚಿಸಿದಷ್ಟೂ ಆ ಹುಡುಗನ ಗಣಿತವೇ ಸರಿಯೆಂದು ತೋರಿತು. ನಾವು ಮನುಷ್ಯರ ದಿನವನ್ನು ತೂಕದಿಂದ ಮಾತ್ರ ಅಳೆಯುತ್ತೇವೆ. ಅದರ ಗಾತ್ರವನ್ನು ಅಳೆಯುವ ಟೇಪು ನಮ್ಮಲ್ಲಿಲ್ಲ.

ಸರಕಾರದ ಅಳತೆಯನ್ನೇ ನೋಡೋಣ. ರಾಷ್ಟ್ರೀಯ ಸಾಂಖ್ಯಿಕ ಕಾರ್ಯಾಲಯವು 2019ರಲ್ಲಿ ದೇಶದಾದ್ಯಂತ ನಡೆಸಿದ ಕಾಲಬಳಕೆಯ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷಗಳನ್ನೂ ಗಂಡಸರು 97 ನಿಮಿಷಗಳನ್ನೂ ಅದಕ್ಕೆ ವ್ಯಯಿಸುತ್ತಾರೆಂದು ಕಂಡುಬಂದಿತು. 2024ರ ಸಮೀಕ್ಷೆಯಲ್ಲಿ ಇವು 289 ಮತ್ತು 88 ಆದವು. ಐದು ವರ್ಷಗಳಲ್ಲಿ ಹೆಂಗಸರಿಗೆ ಹತ್ತು ನಿಮಿಷ ಬಿಡುವು ದೊರೆತರೆ, ಗಂಡಸರು ಒಂಬತ್ತು ನಿಮಿಷಗಳನ್ನು ತಾವೂ ಉಳಿಸಿಕೊಂಡರೆಂಬುದನ್ನು ಗಮನಿಸಿ ನಗಬಹುದು, ಇಲ್ಲವೆ ನಗದಿರಬಹುದು. ಈ ಸಮೀಕ್ಷೆ ಬಹು ಪ್ರಯೋಜನಕರವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ನಸುಕಿನ ನಾಲ್ಕು ಗಂಟೆಯಿಂದ ಮರುದಿನದ ನಾಲ್ಕು ಗಂಟೆಯವರೆಗಿನ ಕಾಲವನ್ನು ಅರ್ಧರ್ಧ ಗಂಟೆಯ ಗೂಡುಗಳಾಗಿ ವಿಂಗಡಿಸಿ, ಆ ಗೂಡಿನಲ್ಲಿ ಏನು ಮಾಡಿದಿರಿ ಎಂದು ಕೇಳುತ್ತದೆ. ಸಂಜೆ ಆರರಿಂದ ಹನ್ನೊಂದರವರೆಗೆ ಮೂವತ್ತು ಗಿರಾಕಿಗಳಿಗೆ ಒಂದೊಂದು ನಿಮಿಷ ಉತ್ತರ ಕೊಟ್ಟವಳು ತೂಕದ ಲೆಕ್ಕದಲ್ಲಿ ದುಡಿದದ್ದು ಅರ್ಧ ಗಂಟೆ ಮಾತ್ರ. ಗಾತ್ರದ ಲೆಕ್ಕದಲ್ಲಿ ಆ ಐದು ಗಂಟೆಯೂ ಅಂಗಡಿಯ ವಶ. ಮಗನ ಮಗ್ಗಿ, ಅತ್ತೆಯ ಮಾತು, ಗಂಡನೊಡನೆ ಕುಳಿತು ಕುಡಿಯಬಹುದಾಗಿದ್ದ ಒಂದು ಲೋಟ ಚಹ, ಯಾವುದೂ ಆ ಡಬ್ಬಿಯೊಳಗೆ ಸರಿಯಾಗಿ ಕೂರಲೊಲ್ಲದು. ‘ಕೆಲಸ ಎಷ್ಟು ಗಂಟೆಯದು ಮಹಾ!’ ಎಂದು ಬೆರಗಾಗುವ ಬಂಧುಗಳು ಸುಳ್ಳು ಹೇಳುತ್ತಿಲ್ಲ, ಅವರು ತಕ್ಕಡಿಯನ್ನು ನೋಡುತ್ತಿದ್ದಾರೆ ಅಷ್ಟೆ. ಸಮಯವನ್ನು ಚೊಕ್ಕವಾಗಿ ವಿನಿಯೋಗಿಸುವ ಕಲೆಯನ್ನು ಬೋಧಿಸುವವರ ಔಷಧ ಈ ರೋಗಕ್ಕೆ ನಾಟದಿರುವ ಕಾರಣವೂ ಇಲ್ಲಿದೆ. ಆಕೆ ಸಮಯವನ್ನು ಪೋಲು ಮಾಡುತ್ತಿಲ್ಲ; ಕಾಯುವುದೇ ಆಕೆಯ ದುಡಿಮೆಯ ಅತಿ ದೊಡ್ಡ ಭಾಗ, ಅದಕ್ಕೆ ಮಜೂರಿಯಿಲ್ಲ.

ಮನೆಯೂ ಅಂಗಡಿಯೂ ಬೇರ್ಪಡದಿರುವುದು ಹಣದ ವಿಷಯದಲ್ಲಿಯೂ ಉಂಟು. 2016ರಲ್ಲಿ ಯುಪಿಐ ಬಂದ ಮೇಲೆ ಗಿರಾಕಿಯ ಹಣವೂ ತಮ್ಮ ಕಳಿಸಿದ ಗೌರಿಹಬ್ಬದ ಉಡುಗೊರೆಯೂ ಒಂದೇ ಖಾತೆಗೆ ಬಂದು ಬೀಳುತ್ತವೆ. 2025ರ ಜುಲೈಯಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧಾರವಾಗಿಟ್ಟುಕೊಂಡು ರಾಜ್ಯದ ಚಿಕ್ಕ ವ್ಯಾಪಾರಿಗಳಿಗೆ ನೋಟೀಸು ಕಳಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳವರು ಕ್ಯೂಆರ್ ಫಲಕವನ್ನು ತೆಗೆದಿಟ್ಟು ರೊಕ್ಕವನ್ನೇ ಕೇಳತೊಡಗಿದ್ದು ನೆನಪಿರಬಹುದು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮೇರೆ ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟು. ನಮ್ಮ ರೊಟ್ಟಿಯ ಅಂಗಡಿ ಅದರ ಹತ್ತಿರಕ್ಕೂ ಸುಳಿಯದು. ಆದರೂ ಆಕೆ ಎರಡು ರಾತ್ರಿ ಕುಳಿತು ಖಾತೆಯ ಜಮೆಗಳಲ್ಲಿ ಯಾವುದು ಚಟ್ನಿ, ಯಾವುದು ತವರು ಎಂದು ಗುರುತು ಹಾಕಿದಳು. ಈ ಪ್ರಕರಣದ ನ್ಯಾಯಾನ್ಯಾಯ ಬೇರೆ ಮಾತು. ಗೆರೆ ಎಳೆಯದ ಕಡೆ ಗೆರೆ ಹುಡುಕುವ ಶ್ರಮ ಕಡೆಗೆ ಯಾರ ತಲೆಗೆ ಬರುತ್ತದೆಂಬುದಕ್ಕೆ ಇಷ್ಟನ್ನು ಹೇಳಿದೆ.

ಈ ವಾದಕ್ಕೆ ಬಲವಾದ ಆಕ್ಷೇಪವೊಂದಿದೆ. ಅದನ್ನು ಎತ್ತಿದವಳು ಆಕೆಯೇ. “ನೌಕರಿ ಮಾಡಿದ್ರ ಮಗಾ ಸಾಲಿಯಿಂದ ಬಂದಾಗ ಮನ್ಯಾಗ ಇರಾಕ ಆಕ್ಕಿತ್ತೇನ್ರಿ ಸರ? ಯಾರ ಮುಂದ ರಜಾ ಕೇಳಬೇಕಾಗಿತ್ತು? ಈ ರೊಕ್ಕ ನಂದು. ಯಾರಿಗೂ ಲೆಕ್ಕ ಕೊಡೂದಿಲ್ಲ” ಎಂದು ಆಕೆ ಹೇಳಿದಾಗ ನಾನು ಸುಮ್ಮನಾದೆನು. ಇದು ತೆಗೆದುಹಾಕುವ ಮಾತಲ್ಲ. ಬೆಳಗ್ಗೆ ಬಸ್ಸು ಹಿಡಿದು ಸಂಜೆ ಮರಳುವ ನೌಕರಿಯ ದಾಸ್ಯವನ್ನು ಬಲ್ಲವರಿಗೆ, ಜ್ವರ ಬಂದ ಮಗುವಿನ ಪಕ್ಕದಲ್ಲಿ ಕುಳಿತೇ ಗಳಿಸುವ ಸ್ವಾತಂತ್ರ್ಯ ಎಷ್ಟು ಬೆಲೆಯುಳ್ಳದ್ದೆಂದು ವಿವರಿಸಬೇಕಾದುದಿಲ್ಲ. ಆದರೆ ಸ್ವಾತಂತ್ರ್ಯದಲ್ಲಿ ಎರಡು ಭಾಗಗಳುಂಟು: ಇಷ್ಟ ಬಂದಾಗ ತೆರೆಯುವುದು, ಇಷ್ಟ ಬಂದಾಗ ಮುಚ್ಚುವುದು. ಆಕೆಗೆ ದೊರೆತಿರುವುದು ಮೊದಲನೆಯದು ಮಾತ್ರ. ಎರಡನೆಯದು ಗಿರಾಕಿಯ ಕೈಯಲ್ಲಿದೆ, ಮನೆಯವರ ಕೈಯಲ್ಲಿದೆ. ಮಾರುಕಟ್ಟೆ ತಾಣಗಳ ಮೂಲಕ ಮಾರುವವರ ಪಾಲಿಗಾದರೆ, ತಡವಾದ ರವಾನೆಯನ್ನು ಮಾರುವವರ ದೋಷವೆಂದು ಎಣಿಸಿ ಅಂಕ ಇಳಿಸುವ ಆ ತಾಣಗಳ ಕೈಯಲ್ಲಿಯೂ ಇದೆ.

ಮುಚ್ಚಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುವನಲ್ಲ ಎಂಬುದು ಇನ್ನೊಂದು ಭಯ. ಕೆಲವರು ಹೋಗುವರು, ನಿಜ. ಆದರೆ ಇದೇ ಗಿರಾಕಿಗಳು ಆಷಾಢದಲ್ಲಿ ಸಂಡಿಗೆ ಕೇಳಿ, ‘ಬಿಸಿಲಿಲ್ರಿ, ಬ್ಯಾಸಗಿಗೆ ಮಾಡ್ತೀವಿ’ ಎಂಬ ಉತ್ತರ ಬಂದರೆ ತಕರಾರಿಲ್ಲದೆ ಎಂಟು ತಿಂಗಳು ಕಾಯುತ್ತಾರೆ. ಸೂರ್ಯನಿಗೆ ರಜೆ ಉಂಟೆಂದು ಒಪ್ಪುವವರು ಸಂಡಿಗೆ ಹಾಕುವವಳಿಗೂ ರಾತ್ರಿಯಾಗುತ್ತದೆಂದು ಒಪ್ಪಲಾರರೆ? ಒಪ್ಪುವರೋ ಇಲ್ಲವೋ ಎಂಬುದನ್ನು ಯಾರೂ ಪರೀಕ್ಷಿಸಿ ನೋಡಿಲ್ಲವೆಂಬುದೇ ಸತ್ಯ. ಊರಿನವರೆಲ್ಲ ರಾತ್ರಿ ಒಂಬತ್ತಕ್ಕೆ ಹಲಗೆ ಹಾಕುತ್ತಿದ್ದಾಗ ಯಾವ ಸೆಟ್ಟರೂ ಗಿರಾಕಿಯನ್ನು ಕಳೆದುಕೊಳ್ಳಲಿಲ್ಲ. ಒಬ್ಬನೇ ಹಾಕಿದಾಗ ಕಳೆದುಕೊಳ್ಳುವ ಭಯ. ಆದುದರಿಂದಲೇ ಇದನ್ನು ಒಬ್ಬೊಬ್ಬ ಹೆಂಗಸಿನ ಮನೋದಾರ್ಢ್ಯಕ್ಕೆ ಬಿಟ್ಟುಬಿಡುವುದು ಅನ್ಯಾಯವೆಂದು ನಾನು ಹೇಳುವುದು.

ಎಷ್ಟು ಸಾಕು ಎಂಬುದನ್ನು ಯಾರು ಗೊತ್ತುಮಾಡಬೇಕು? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಮನೆಗೆ ತಂದಾಗ, ಹೆಂಡತಿ ಲಕ್ಕಮ್ಮನು ಅದನ್ನು ಒಲ್ಲದೆ, ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳಿಸಿದ ಕಥೆಯನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಆಸೆಯ ನಿಗ್ರಹಕ್ಕೆ ದೃಷ್ಟಾಂತವಾಗಿ ಇದನ್ನು ಹೇಳುವುದು ವಾಡಿಕೆ. ದುಡಿಮೆಯ ಮೇರೆಯನ್ನು ಗೊತ್ತುಮಾಡಿದ್ದು ಅಂಗಳವಲ್ಲ, ಮನೆ ಎಂಬುದನ್ನು ನಾನು ಇದರಲ್ಲಿ ಕಾಣುತ್ತೇನೆ. ಅಂಗಳದಲ್ಲಿ ಇನ್ನೂ ಅಕ್ಕಿ ಚೆಲ್ಲಿತ್ತು. ಆಯುವವನಿಗೆ ಶಕ್ತಿಯೂ ಇತ್ತು. ಸಾಕೆಂದವಳು ಮಾತ್ರ ಒಲೆಯ ಮುಂದಿದ್ದವಳು. ಮತ್ತು ಆಕೆಯ ಮಾತನ್ನು ಗಂಡ ಕೇಳಿದನು. ಈ ಕಡೆಯ ಅಂಶವನ್ನು ಕಥೆ ಹೇಳುವವರು ಒತ್ತಿ ಹೇಳುವುದಿಲ್ಲವೇಕೆಂದು ನನಗೆ ತಿಳಿಯದು.

ಧಾರವಾಡದ ಮನೆಯಲ್ಲಿ ಗಂಡ ಒಳ್ಳೆಯವನು. ಮಳೆಯಿದ್ದರೆ ಡಬ್ಬಿಗಳನ್ನು ಬೈಕಿನ ಮೇಲೆ ತಾನೇ ಒಯ್ಯುತ್ತಾನೆ. ಅವನು ಒಯ್ದ ದಿನ ಓಣಿಯವರು “ಬಿಸಿನೆಸ್ ಭಾಳ ಚಲೋ ನಡದೈತಲ್ರಿ” ಎಂದು ಅವನನ್ನು ವಿಚಾರಿಸುತ್ತಾರೆ. ಉಳಿದ ದಿನಗಳಲ್ಲಿ ಅದೇ ವ್ಯಾಪಾರ “ಮನ್ಯಾಗ ಕುಂತು ಏನರ ಮಾಡ್ತಾಳ” ಎನ್ನಿಸಿಕೊಳ್ಳುತ್ತದೆ. ಇದರಲ್ಲಿ ಅವನ ಅಪರಾಧವೇನೂ ಇಲ್ಲ. ಆದರೆ ಮನೆಯಲ್ಲಿ ಕುಳಿತದ್ದನ್ನು ಕೆಲಸವೆಂದು ಮನೆಯೇ ಎಣಿಸದಿದ್ದಾಗ, ಆ ಕೆಲಸ ಮುಗಿಯುವ ಗಂಟೆಯೊಂದುಂಟೆಂದು ಹೊರಗಿನ ಗಿರಾಕಿ ಎಣಿಸುವುದೆಂತು?

ಇಷ್ಟೆಲ್ಲ ಬರೆಯುತ್ತಿರುವವನು ನಿರ್ದೋಷಿಯೆಂದು ಓದುಗರು ತಿಳಿಯಬಾರದು. ಹೋದ ಚಳಿಗಾಲದ ಒಂದು ರಾತ್ರಿ ಹತ್ತೂವರೆಗೆ, ಗುರೆಳ್ಳು ಚಟ್ನಿ ಇದೆಯೇ ಎಂದು ನಾನು ಆಕೆಗೆ ಬರೆದದ್ದುಂಟು. ಎರಡೇ ನಿಮಿಷಗಳಲ್ಲಿ ಉತ್ತರ ಬಂದದ್ದನ್ನು ಕಂಡು, ಎಂಥ ಚುರುಕಿನ ವ್ಯಾಪಾರವೆಂದು ಮನೆಯವರ ಮುಂದೆ ಹೊಗಳಿದ್ದೂ ಉಂಟು. ಆ ಎರಡು ನಿಮಿಷಗಳಲ್ಲಿ ಆಕೆ ಯಾವುದನ್ನು ಬಿಟ್ಟು ಎದ್ದಳೆಂಬ ಯೋಚನೆ ನನಗೆ ಬರಲಿಲ್ಲ. ಈ ಯುಗಾದಿಯ ಅನಂತರ ಆಕೆ ವಾಟ್ಸಾಪಿನಲ್ಲಿ ತನ್ನ ಅಂಗಡಿಯ ವೇಳೆಯನ್ನು ನಮೂದಿಸಿದ್ದಾಳೆ. ಸಂಜೆ ಆರರ ಮೇಲೆ ಬರೆದವರಿಗೆ ತಾನಾಗಿಯೇ ಒಂದು ಉತ್ತರ ಹೋಗುತ್ತದೆ: ‘ಅಂಗಡಿ ಬಂದ್ ಆಗೈತ್ರಿ. ಮುಂಜಾನೆ ಹತ್ತಕ್ಕ ತೆಗಿತೀವಿ. ಅಮಾಸಿ ದಿವಸ ಸೂಟಿ.’ ಹೋದ ವಾರ ರಾತ್ರಿ ಒಂಬತ್ತಕ್ಕೆ ಅಭ್ಯಾಸಬಲದಿಂದ ಬರೆದ ನನಗೂ ಅದೇ ಬಂದಿತು. ಇಷ್ಟು ವರ್ಷಗಳ ಪರಿಚಯವಿರುವ ನನಗೂ ಇದೇ ಉತ್ತರವೆ ಎಂದು ಕ್ಷಣಕಾಲ ಮನಸ್ಸು ಮುದುಡಿದ್ದನ್ನು ಮರೆಮಾಚಲಾರೆ. ಮರುದಿನ ಹತ್ತು ಗಂಟೆ ಐದು ನಿಮಿಷಕ್ಕೆ ಆಕೆಯ ಸ್ವಂತ ಉತ್ತರ ಬಂದಿತು: “ಗುರೆಳ್ಳು ಖಾಲಿ ಆತ್ರಿ ಸರ. ಅಗಸಿ ಐತಿ, ಕಳಸ್ಲೇನ್ರಿ?”